2018ರಲ್ಲಿ ಕೊಂಡ ರಿಪ್ಪಲ್ ಯಾವ ಎಕ್ಸ್‌ಚೇಂಜ್‌ನಲ್ಲಿದೆ ಅಂತ ನೆನಪಿಲ್ಲ. ಹುಡುಕುವುದು ಹೇಗೆ?

ಗುತ್ತಲು_ರಸ್ತೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. 2018ರ ಶುರುವಿನಲ್ಲಿ ನಾನು ಮೈಸೂರಿನ ಹೆಬ್ಬಾಳು ಇಂಡಸ್ಟ್ರಿಯಲ್ ಏರಿಯಾದಲ್ಲಿ ಕೆಲಸಕ್ಕಿದ್ದೆ. ರೂಮಿನಲ್ಲಿದ್ದವರಿಗೆಲ್ಲ ಆಗ ಕ್ರಿಪ್ಟೋ ಹುಚ್ಚು. ಬಿಟ್‌ಕಾಯಿನ್ ನಮ್ಮ ಕೈಗೆ ಎಟುಕುವುದಿಲ್ಲ, ರಿಪ್ಪಲ್ (ಎಕ್ಸ್‌ಆರ್‌ಪಿ ಅನ್ನುವ ಕಾಯಿನ್) ಆದರೆ ನೂರು ರೂಪಾಯಿ ಒಳಗೆ ಒಂದು ಬರುತ್ತದೆ ಅಂತ ಎಲ್ಲರೂ ಅದನ್ನೇ ಕೊಂಡರು. ನಾನೂ ಫೆಬ್ರವರಿಯಲ್ಲಿ 40 ಸಾವಿರ ಹಾಕಿದೆ. ಆಮೇಲೆ ಬೆಲೆ ಬಿತ್ತು, ಏಪ್ರಿಲ್‌ನಲ್ಲಿ ಕ್ರಿಪ್ಟೋ ವ್ಯವಹಾರಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದು ಅಂತ ರಿಸರ್ವ್ ಬ್ಯಾಂಕ್ ಸುತ್ತೋಲೆ ಬಂತು. ಅಪ್ಪನಿಗೆ ಹುಷಾರಿಲ್ಲ ಅಂತ ಆ ವರ್ಷವೇ ಕೆಲಸ ಬಿಟ್ಟು ಮಂಡ್ಯಕ್ಕೆ ಬಂದೆ. ಕಬ್ಬು, ಗದ್ದೆ, ಅಂಗಡಿ ಅಂತ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಈಗ ತಂಗಿ ಮದುವೆ ಗೊತ್ತಾಗಿದೆ. ಇದ್ದಬದ್ದ ಲೆಕ್ಕ ಹಾಕುವಾಗ ಇದು ನೆನಪಾಯಿತು. ಆಗಿನ ಸಿಮ್ ಈಗ ಇಲ್ಲ. ಬ್ಯಾಂಕ್ ಖಾತೆ ಸಿಂಡಿಕೇಟ್‌ನಲ್ಲಿತ್ತು, ಅದನ್ನೂ ಬಳಸಿ ಕಾಲವಾಯಿತು. ಯಾವ ಇಮೇಲ್ ಕೊಟ್ಟಿದ್ದೆ ಅನ್ನುವುದೂ ಖಾತ್ರಿಯಿಲ್ಲ. ಆ್ಯಪ್‌ನ ಐಕಾನ್ ನೀಲಿ ಬಣ್ಣದ್ದು, ಅಷ್ಟು ಮಾತ್ರ ಗೊತ್ತು. ಎಲ್ಲಿಂದ ಶುರು ಮಾಡಲಿ?

ಮದ್ದೂರುವಡೆ

ನೀಲಿ ಐಕಾನ್ ಅಂದರೆ ಅರ್ಧ ಪ್ಲೇ ಸ್ಟೋರ್ ಆಯ್ತಲ್ಲ ಗುರು.

ವಿಜಯನಗರ_2ನೇಹಂತ (ಮೈಸೂರು)

ಮೊದಲು ಒಂದು ವಿಷಯ ಹೇಳಿ. 12 ಅಥವಾ 24 ಇಂಗ್ಲಿಷ್ ಪದಗಳನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಿ ಅಂತ ಆ ಆ್ಯಪ್ ಕೇಳಿತ್ತಾ? ಕೇಳಿದ್ದರೆ ಅದು ಸ್ವಂತ ವ್ಯಾಲೆಟ್. ಆ ಪದಗಳು ಹೋದರೆ ಹಣವೂ ಹೋಯಿತು, ಅಹವಾಲು ಹೇಳಿಕೊಳ್ಳಲು ಕಂಪನಿ ಅಂತ ಯಾರೂ ಇರುವುದಿಲ್ಲ. ಕೇಳಿರಲಿಲ್ಲ, ಪ್ಯಾನ್ ಮತ್ತು ಆಧಾರ್ ಫೋಟೋ ಕೇಳಿತ್ತು ಅಂದರೆ ಅದು ಎಕ್ಸ್‌ಚೇಂಜ್, ಅಂದರೆ ಕ್ರಿಪ್ಟೋ ಕೊಳ್ಳಲು ಮಾರಲು ಜಾಗ ಕೊಡುವ ಕಂಪನಿ. ಅಲ್ಲಿ ಖಾತೆ ನಿಮ್ಮ ಹೆಸರಿನಲ್ಲೇ ಇರುತ್ತದೆ. ಪಾಸ್‌ವರ್ಡ್ ಮರೆತರೂ ನೀವು ನೀವೇ ಅಂತ ತೋರಿಸಲು ದಾರಿ ಇದೆ.

ಎಕ್ಸ್‌ಚೇಂಜ್ ಆಗಿದ್ದರೆ ದಿನಾಂಕ ನಿಮಗೆ ತುಂಬಾ ಸಹಾಯ ಮಾಡುತ್ತದೆ. 2018ರ ಫೆಬ್ರವರಿ ಅಂದರೆ ವಜೀರ್‌ಎಕ್ಸ್ ಇನ್ನೂ ಬಂದಿರಲಿಲ್ಲ, ಅದು ಆ ವರ್ಷದ ಮಾರ್ಚ್. ಕಾಯಿನ್‌ಡಿಸಿಎಕ್ಸ್ ಅದರ ಮುಂದಿನ ತಿಂಗಳು. ಕಾಯಿನ್‌ಸ್ವಿಚ್ ಇಲ್ಲಿ ಕುಬೇರ್ ಅಂತ ಶುರುವಾದದ್ದು 2020ರಲ್ಲಿ. ಈ ಮೂರನ್ನೂ ಪಟ್ಟಿಯಿಂದ ತೆಗೆಯಿರಿ. ಉಳಿಯುವುದು ಜೆಬ್‌ಪೇ, ಯುನೋಕಾಯಿನ್, ಕೊಯಿನೆಕ್ಸ್, ಕಾಯಿನ್‌ಸೆಕ್ಯೂರ್, ಕಾಯಿನೋಮ್, ಇನ್ನು ಕೆಲವು ಚಿಕ್ಕವು.

ಇವುಗಳಲ್ಲಿ ಕಾಯಿನ್‌ಸೆಕ್ಯೂರ್‌ನಿಂದ 2018ರ ಏಪ್ರಿಲ್‌ನಲ್ಲಿ 438 ಬಿಟ್‌ಕಾಯಿನ್ ಕಳುವಾಗಿ ವ್ಯವಹಾರ ನಿಂತಿತು. ಜೆಬ್‌ಪೇ 2018ರ ಸೆಪ್ಟೆಂಬರ್ 28ಕ್ಕೆ ಇಲ್ಲಿನ ಎಕ್ಸ್‌ಚೇಂಜ್ ನಿಲ್ಲಿಸಿ, 2020ರಲ್ಲಿ ವಾಪಸ್ ಬಂತು. ಕಾಯಿನೋಮ್ 2019ರ ಮೇನಲ್ಲಿ, ಕೊಯಿನೆಕ್ಸ್ 2019ರ ಜೂನ್ 27ಕ್ಕೆ ಬಾಗಿಲು ಹಾಕಿದವು. ನಮ್ಮ ತುಮಕೂರಿನಲ್ಲಿ ಹುಟ್ಟಿದ ಯುನೋಕಾಯಿನ್ ಮಾತ್ರ ಇವೆಲ್ಲವನ್ನೂ ದಾಟಿಕೊಂಡು ಬಂದಿದೆ.

ಮದ್ದೂರುವಡೆ

ಅವರೇ ಅಲ್ವಾ ಬೆಂಗಳೂರಿನ ಕೆಂಪ್ ಫೋರ್ಟ್ ಮಾಲ್‌ನಲ್ಲಿ ಬಿಟ್‌ಕಾಯಿನ್ ಎಟಿಎಂ ಇಟ್ಟು, ಪೊಲೀಸರು ಬಂದು ಯಂತ್ರ ಎತ್ತಿಕೊಂಡು ಹೋದದ್ದು? 2018ರ ಅಕ್ಟೋಬರ್. ಪೇಪರ್‌ನಲ್ಲಿ ಓದಿದ ನೆನಪು.

ವಿಜಯನಗರ_2ನೇಹಂತ

ಹೌದು, ಅವರೇ. ವಿಷಯಕ್ಕೆ ಬರೋಣ.

ರಿಕವರಿ_ಗ್ಲೋಬಲ್_ತಜ್ಞ

[ನಿರ್ವಾಹಕರು ಈ ಬರಹ ತೆಗೆದಿದ್ದಾರೆ]

ನಿರ್ವಾಹಕ

ಮೇಲಿನ ಬರಹ ತೆಗೆದಿದ್ದೇನೆ, ಖಾತೆಯನ್ನೂ ಮುಚ್ಚಿದ್ದೇನೆ. 'ಶೇಕಡಾ 100 ವಾಪಸ್ ಕೊಡಿಸುತ್ತೇವೆ, ಮೊದಲು ನೋಂದಣಿ ಶುಲ್ಕ ಕಳಿಸಿ' ಅಂತ ಟೆಲಿಗ್ರಾಂ ನಂಬರ್ ಹಾಕಿದ್ದರು. ಕಳೆದ ಹಣದ ಬಗ್ಗೆ ಎಲ್ಲೇ ಬರೆದರೂ ಇವರು ಇರುವೆ ಥರ ಬರುತ್ತಾರೆ. ಗುತ್ತಲು ರಸ್ತೆ ಅವರೇ, ನಿಮಗೆ ಖಾಸಗಿ ಸಂದೇಶ ಬಂದರೂ ಉತ್ತರ ಕೊಡಬೇಡಿ. ಒಟಿಪಿ ಕೇಳುವವರು, ನಿಮ್ಮ ಫೋನನ್ನು ದೂರದಿಂದ ನಡೆಸಲು ಬಿಡುವ ಎನಿಡೆಸ್ಕ್ ಹಾಕಿಕೊಳ್ಳಿ ಅನ್ನುವವರು, ಮುಂಗಡ ಕೇಳುವವರು, ಎಲ್ಲ ಒಂದೇ ಜಾತಿ. ಯಾರಾದರೂ ಈಗಾಗಲೇ ಕೊಟ್ಟಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ಮೈಸೂರಲ್ಲೂ ಮಂಡ್ಯದಲ್ಲೂ ಸಿಇಎನ್ ಪೊಲೀಸ್ ಠಾಣೆ ಇದೆ.

ಸರಸ್ವತಿಪುರಂ_ನಿವೃತ್ತ

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಕ್ರಿಪ್ಟೋ ಬಗ್ಗೆ ನನಗೆ ಒಳ್ಳೆ ಅಭಿಪ್ರಾಯ ಇಲ್ಲ, ಅದು ಬೇರೆ ಮಾತು. ಆದರೆ ನೀವೆಲ್ಲ ಫೋನು, ಇಮೇಲು ಅಂತ ಹುಡುಕುತ್ತಿದ್ದೀರಿ. ಹಣ ಹೋದದ್ದು ಬ್ಯಾಂಕಿನಿಂದ. ಅಲ್ಲಿ ಅದರ ಗುರುತು ಇದ್ದೇ ಇರುತ್ತದೆ.

ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕ್ ಸೇರಿತು. ಖಾತೆ ಹಾಗೇ ಇರುತ್ತದೆ, ಐಎಫ್‌ಎಸ್‌ಸಿ ಮಾತ್ರ ಬದಲಾಗಿದೆ. ಎರಡು ವರ್ಷಕ್ಕಿಂತ ಜಾಸ್ತಿ ವ್ಯವಹಾರ ಇಲ್ಲದಿದ್ದರೆ ಅದು ನಿಷ್ಕ್ರಿಯ ಖಾತೆ. ಗಾಬರಿ ಬೇಡ. ಆಧಾರ್, ಪ್ಯಾನ್, ಫೋಟೋ ತಗೊಂಡು ಹೋಗಿ ಕೆವೈಸಿ ಕೊಟ್ಟರೆ ಮತ್ತೆ ಚಾಲೂ ಮಾಡುತ್ತಾರೆ. ಅದಕ್ಕೆ ಶುಲ್ಕ ತಗೊಳ್ಳುವ ಹಾಗಿಲ್ಲ. ಹತ್ತು ವರ್ಷ ಮುಟ್ಟದೆ ಬಿಟ್ಟರೆ ಅದರಲ್ಲಿರುವ ದುಡ್ಡು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಹೋದರೂ ಅರ್ಜಿ ಹಾಕಿ ತಗೊಳ್ಳಬಹುದು, ಆದರೆ ಅಲೆದಾಟ.

ಶಾಖೆಯಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬರಬೇಡಿ. ಪಾಸ್‌ಬುಕ್ಕಿನಲ್ಲಿ ಹಣ ಹೋದವರ ಹೆಸರು ಅರ್ಧಕ್ಕೇ ನಿಂತಿರುತ್ತದೆ. ಒಂದು ಬಿಳಿ ಹಾಳೆಯಲ್ಲಿ '1-1-2018ರಿಂದ 31-12-2018ರವರೆಗಿನ ಪೂರ್ತಿ ಸ್ಟೇಟ್‌ಮೆಂಟ್, ಯುಟಿಆರ್ ಸಂಖ್ಯೆ ಸಹಿತ ಬೇಕು' ಅಂತ ಬರೆದು ಸಹಿ ಹಾಕಿ ಕೊಡಿ. ಯುಟಿಆರ್ ಅಂದರೆ ಒಂದೊಂದು ಹಣ ವರ್ಗಾವಣೆಗೂ ಇರುವ ಗುರುತಿನ ಸಂಖ್ಯೆ. ಹಳೆಯದು ಅಂತ ಕೌಂಟರಿನಲ್ಲಿ ಮೂಗು ಮುರಿದರೆ ಮ್ಯಾನೇಜರ್ ಹತ್ತಿರ ಹೋಗಿ. ತಿಂಗಳ ಕೊನೆ, ಪಿಂಚಣಿ ಬರುವ ದಿನ ಹೋಗಬೇಡಿ, ಯಾರೂ ನಿಮ್ಮ ಕಡೆ ನೋಡುವುದಿಲ್ಲ.

ವಿಜಯನಗರ_2ನೇಹಂತ

ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಇದಕ್ಕೆ ಒಂದು ಸೇರಿಸುತ್ತೇನೆ. ಸ್ಟೇಟ್‌ಮೆಂಟ್‌ನಲ್ಲಿ ಆ್ಯಪ್‌ನ ಹೆಸರು ಇರುವುದಿಲ್ಲ, ಹಿಂದಿರುವ ಕಂಪನಿಯ ಹೆಸರು ಇರುತ್ತದೆ. ಜೆಬ್ ಐಟಿ ಸರ್ವೀಸ್ ಅಂದರೆ ಜೆಬ್‌ಪೇ. ಡಿಸಿಡಿಯಂ ಇಂಟರ್‌ನೆಟ್ ಲ್ಯಾಬ್ಸ್ ಅಂದರೆ ಕೊಯಿನೆಕ್ಸ್. ಸೆಕ್ಯೂರ್ ಬಿಟ್‌ಕಾಯಿನ್ ಟ್ರೇಡರ್ಸ್ ಅಂದರೆ ಕಾಯಿನ್‌ಸೆಕ್ಯೂರ್. ಆಮೇಲೆ ಬಂದವರ ವಿಷಯಕ್ಕೆ, ಜನ್ಮಾಯ್ ಲ್ಯಾಬ್ಸ್ ಅಂದರೆ ವಜೀರ್‌ಎಕ್ಸ್, ನೆಬ್ಲಿಯೋ ಟೆಕ್ನಾಲಜೀಸ್ ಅಂದರೆ ಕಾಯಿನ್‌ಡಿಸಿಎಕ್ಸ್, ಬಿಟ್‌ಸೈಫರ್ ಲ್ಯಾಬ್ಸ್ ಅಂದರೆ ಕಾಯಿನ್‌ಸ್ವಿಚ್. ಬೇರೆಯವರು ಹುಡುಕುತ್ತಿದ್ದರೂ ಈ ಪಟ್ಟಿ ಕೆಲಸಕ್ಕೆ ಬರುತ್ತದೆ.

ನೀವು 2018ರ ಜುಲೈಗಿಂತ ಮುಂಚೆ ಕೊಂಡದ್ದು ಒಳ್ಳೆಯದೇ ಆಯಿತು. ಏಪ್ರಿಲ್ 6ರ ಸುತ್ತೋಲೆಯಲ್ಲಿ ಬ್ಯಾಂಕುಗಳಿಗೆ ಮೂರು ತಿಂಗಳ ಗಡುವು ಇತ್ತು. ಅದು ಮುಗಿದ ಮೇಲೆ ಎಕ್ಸ್‌ಚೇಂಜ್‌ಗೆ ನೇರ ಹಣ ಹಾಕಲು ಆಗುತ್ತಿರಲಿಲ್ಲ. ಜನ ಜನರಿಂದಲೇ ಕೊಳ್ಳುವ ಪಿಟುಪಿ ಶುರುವಾಯಿತು. 2020ರ ಮಾರ್ಚ್ 4ಕ್ಕೆ ಸುಪ್ರೀಂ ಕೋರ್ಟ್ ಆ ಸುತ್ತೋಲೆ ರದ್ದು ಮಾಡುವ ತನಕ ಅದೇ ಕಥೆ. ಆ ಕಾಲದಲ್ಲಿ ಕೊಂಡವರ ಸ್ಟೇಟ್‌ಮೆಂಟ್ ನೋಡಿದರೆ ಯಾವುದೋ ಊರಿನ ಯಾರದೋ ಹೆಸರು ಇರುತ್ತದೆ, ಅಷ್ಟೇ. ಅದರಿಂದ ಎಕ್ಸ್‌ಚೇಂಜ್ ಕಂಡುಹಿಡಿಯುವುದು ಕಷ್ಟ.

ಬ್ಯಾಂಕಿಗೆ ಹೋಗುವ ಮೊದಲು ಮನೆಯಲ್ಲೇ ಕೂತು ಮಾಡುವುದೂ ಇದೆ. ನಿಮ್ಮ ಹತ್ತಿರ ಇರುವ ಪ್ರತಿ ಜಿಮೇಲ್ ತೆರೆದು, ಹುಡುಕುವ ಜಾಗದಲ್ಲಿ 'ಇನ್' ಅಂತ ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, 'ಎನಿವೇರ್' ಅಂತ ಸೇರಿಸಿ. ಆಗ ಸ್ಪ್ಯಾಮ್, ಟ್ರ್ಯಾಶ್ ಎಲ್ಲ ಸೇರಿ ಹುಡುಕುತ್ತದೆ. 'ಬಿಫೋರ್' ಕೋಲನ್ 2019/01/01 ಅಂತಲೂ ಹಾಕಿದರೆ ಆಮೇಲಿನ ಜಾಹೀರಾತು ಕಸ ಬರುವುದಿಲ್ಲ. ವೆರಿಫೈ, ಡೆಪಾಸಿಟ್, ವಿಥ್‌ಡ್ರಾವಲ್, ನ್ಯೂ ಡಿವೈಸ್, ಈ ಪದಗಳನ್ನು ಒಂದೊಂದಾಗಿ ಹಾಕಿ ನೋಡಿ. ಹಾಗೇ ಪ್ಲೇ ಸ್ಟೋರ್‌ನಲ್ಲಿ 'ಮ್ಯಾನೇಜ್ ಆ್ಯಪ್ಸ್' ಒಳಗೆ ಹೋಗಿ 'ನಾಟ್ ಇನ್‌ಸ್ಟಾಲ್ಡ್' ಅಂತ ಆರಿಸಿ. ಆ ಜಿಮೇಲ್‌ನಲ್ಲಿ ಹಿಂದೆ ಹಾಕಿಕೊಂಡಿದ್ದ ಆ್ಯಪ್‌ಗಳು ಸಾಲಾಗಿ ಬರುತ್ತವೆ. ಕ್ರೋಮ್‌ನಲ್ಲಿ ಉಳಿದಿರುವ ಪಾಸ್‌ವರ್ಡ್‌ಗಳ ಪಟ್ಟಿಯನ್ನೂ ನೋಡಿ.

ಒಂದೇ ಭಯ. ಎರಡು ವರ್ಷ ಮುಟ್ಟದ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸಲು ಶುರು ಮಾಡಿದೆ. ಹಳೆ ಜಿಮೇಲ್ ಬದುಕಿದೆಯಾ ನೋಡಿ.

ಗುತ್ತಲು_ರಸ್ತೆ

ಬದುಕಿದೆ! ಕಾರಣ ಕೇಳಿದರೆ ನಗುತ್ತೀರಿ. ನನ್ನ ಹಳೆ ಫೋನ್ ಅಮ್ಮನ ಹತ್ತಿರ ಇದೆ. ಅಡುಗೆಮನೆ ಕಿಟಕಿ ಮೇಲೆ ಇಟ್ಟುಕೊಂಡು ಯೂಟ್ಯೂಬ್‌ನಲ್ಲಿ ಭಕ್ತಿಗೀತೆ ಹಾಕುತ್ತಾರೆ. ಪರದೆ ಒಂದು ಮೂಲೆಯಲ್ಲಿ ಒಡೆದಿದೆ, ಚಾರ್ಜರ್ ತೆಗೆದರೆ ಆಫ್. ಅದರಲ್ಲಿ ನನ್ನ ಹಳೆ ಜಿಮೇಲ್ ಲಾಗಿನ್ ಇನ್ನೂ ಹಾಗೇ ಇದೆ. ಅಮ್ಮ ದಿನಾ ಹಾಡು ಕೇಳಿದ್ದರಿಂದ ಗೂಗಲ್‌ನವರು ಅಳಿಸಿಲ್ಲ.

ಸಿಇಎನ್ ಅಂದರೆ ಏನು ಅಂತ ಅಪ್ಪ ಕೇಳುತ್ತಿದ್ದಾರೆ, ನಾನು ಪೊಲೀಸ್ ಲಫಡಾದಲ್ಲಿ ಸಿಕ್ಕಿಕೊಂಡಿದ್ದೇನೆ ಅಂದುಕೊಂಡಿದ್ದಾರೆ.

ನಿರ್ವಾಹಕ

ಸೈಬರ್, ಆರ್ಥಿಕ ಮತ್ತು ಮಾದಕ ಅಪರಾಧ ಠಾಣೆ. ಅಪ್ಪಾಜಿಗೆ ನಿಮ್ಮದು ಕೊನೆಯದಲ್ಲ ಅಂತ ಹೇಳಿ.

ವಿಜಯನಗರ_2ನೇಹಂತ

ಅಮ್ಮನ ಕೈಗೆ ಬೆಳ್ಳಿ ಬಳೆ ಹಾಕಿಸಿ. ಆ ಫೋನನ್ನು ರೀಸೆಟ್ ಮಾಡಬೇಡಿ, ಯಾವ ಆ್ಯಪ್ ಅನ್ನೂ ತೆಗೆಯಬೇಡಿ. ಲಾಗಿನ್‌ಗೆ ಆರು ಅಂಕಿಯ ಕೋಡ್ ಕೊಡುವ ಗೂಗಲ್ ಆಥೆಂಟಿಕೇಟರ್ ಆ್ಯಪ್ ಇದೆಯಾ ಅದರಲ್ಲಿ?

ಗುತ್ತಲು_ರಸ್ತೆ

ಇತ್ತಂತೆ. ಮೆಮೊರಿ ಫುಲ್ ಅಂತ ಪಕ್ಕದ ಮನೆ ಹುಡುಗ ಬೇಡದ್ದನ್ನೆಲ್ಲ ತೆಗೆದುಕೊಟ್ಟಿದ್ದಾನೆ.

ಮದ್ದೂರುವಡೆ

ಆ ಹುಡುಗನನ್ನು ಮದುವೆಗೆ ಕರೀಬೇಡ ಗುರು.

ಅಗ್ರಹಾರದ_ಅಕ್ಕ (ಮೈಸೂರು)

ಇಲ್ಲೇ ಕೇಳಬಹುದಾ? ನನ್ನ ತಮ್ಮ ಕಳೆದ ವರ್ಷ ತೀರಿಕೊಂಡ. ಕ್ರಿಪ್ಟೋ ಕೊಳ್ಳುತ್ತಿದ್ದ, ಮಾರುತ್ತಿದ್ದ ಅಂತ ಅವನ ಸ್ನೇಹಿತರು ಹೇಳುತ್ತಾರೆ. ಎಲ್ಲಿ ಅಂತ ಅವರಿಗೂ ಗೊತ್ತಿಲ್ಲ. ಫೋನಿಗೆ ಪ್ಯಾಟರ್ನ್ ಲಾಕ್ ಇದೆ. ದೇವರಾಜ ಅರಸು ರಸ್ತೆಯ ಅಂಗಡಿಯೊಂದರಲ್ಲಿ ಕೊಟ್ಟರೆ ಲಾಕ್ ತೆಗೆದುಕೊಡುತ್ತೇವೆ, ಆದರೆ ಒಳಗಿರುವುದೆಲ್ಲ ಹೋಗುತ್ತದೆ ಅಂದರು. ಅದಕ್ಕೆ ಹಾಗೇ ಎತ್ತಿಟ್ಟಿದ್ದೇನೆ.

ಲೆಕ್ಕದ_ಪುಸ್ತಕ (ಮೈಸೂರು)

ಎತ್ತಿಟ್ಟಿದ್ದು ಒಳ್ಳೆಯದೇ ಆಯಿತು ಅಕ್ಕಾ. ಸಿಮ್‌ಗೆ ರೀಚಾರ್ಜ್ ಮಾಡಿಸುತ್ತಾ ಇರಿ. ನಂಬರ್ ನಿಂತು ಹೋದರೆ ಕೆಲವು ತಿಂಗಳಲ್ಲಿ ಅದು ಬೇರೆಯವರ ಪಾಲಾಗುತ್ತದೆ, ಒಟಿಪಿ ಅವರಿಗೆ ಹೋಗುತ್ತದೆ.

ನಾನು ಟ್ಯಾಕ್ಸ್ ಕೆಲಸ ಮಾಡುವವಳು. 2022ರ ಜುಲೈ 1ರಿಂದ ಕ್ರಿಪ್ಟೋ ಮಾರಿದರೆ ಶೇಕಡಾ 1 ಟಿಡಿಎಸ್ ಹಿಡಿಯುತ್ತಾರೆ. ನಿಮ್ಮ ತಮ್ಮ ಅದಾದ ಮೇಲೆ ಇಲ್ಲಿನ ಯಾವುದಾದರೂ ಎಕ್ಸ್‌ಚೇಂಜ್‌ನಲ್ಲಿ ಒಂದು ಸಲ ಮಾರಿದ್ದರೂ ಸಾಕು, ಅವನ ಪ್ಯಾನ್ ಮೇಲೆ ಹಿಡಿದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ ಟಿಡಿಎಸ್ ಹಿಡಿದ ಕಂಪನಿಯ ಹೆಸರು ಬಂದಿರುತ್ತದೆ. ಎಐಎಸ್, ಅಂದರೆ ವಾರ್ಷಿಕ ಮಾಹಿತಿ ಪಟ್ಟಿಯಲ್ಲೂ ನೋಡಿ. ಫೋನ್ ಲಾಕ್ ತೆಗೆಯುವ ಗೋಜೇ ಬೇಡ.

ಅದನ್ನು ನೋಡಲು ಅವನ ಪಾಸ್‌ವರ್ಡ್ ಬೇಕಿಲ್ಲ. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ತೀರಿಹೋದವರ ವಾರಸುದಾರರು ತಮ್ಮ ಖಾತೆಯಿಂದಲೇ ನೋಂದಾಯಿಸಿಕೊಳ್ಳುವ ವ್ಯವಸ್ಥೆ ಇದೆ. ಮರಣ ಪ್ರಮಾಣಪತ್ರ, ಇಬ್ಬರದೂ ಪ್ಯಾನ್, ವಾರಸುದಾರರು ಅನ್ನುವುದಕ್ಕೆ ದಾಖಲೆ ಬೇಕು. ನಾಡಕಚೇರಿಯಲ್ಲಿ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರಕ್ಕೆ ಅರ್ಜಿ ಹಾಕಿ.

ಈಗ ಮುಖ್ಯವಾದ ಪ್ರಶ್ನೆ. ತಮ್ಮನಿಗೆ ಮದುವೆ ಆಗಿತ್ತಾ? ನಿಮ್ಮ ತಾಯಿ ಇದ್ದಾರಾ?

ಅಗ್ರಹಾರದ_ಅಕ್ಕ

ಮದುವೆ ಆಗಿರಲಿಲ್ಲ. ಅಮ್ಮ ಇದ್ದಾರೆ, ಎಪ್ಪತ್ತರ ಮೇಲಾಗಿದೆ. ಓಡಾಡುವುದೆಲ್ಲ ನಾನೇ.

ಲೆಕ್ಕದ_ಪುಸ್ತಕ

ಹಾಗಾದರೆ ಅರ್ಜಿ ಅಮ್ಮನ ಹೆಸರಿನಲ್ಲೇ ಹಾಕಿ, ನಿಮ್ಮ ಹೆಸರಿನಲ್ಲಿ ಬೇಡ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ತಾಯಿ, ಹೆಂಡತಿ, ಮಕ್ಕಳು ಮೊದಲ ವರ್ಗ. ಅಕ್ಕ ತಂಗಿಯರು ಎರಡನೇ ವರ್ಗ. ತಾಯಿ ಇರುವಾಗ ನೀವು ಅರ್ಜಿ ಹಾಕಿದರೆ ಎಕ್ಸ್‌ಚೇಂಜ್‌ನವರೂ ವಾಪಸ್ ಕಳಿಸುತ್ತಾರೆ, ಪೋರ್ಟಲ್‌ನಲ್ಲೂ ತಕರಾರು. ಅಮ್ಮ ಸಹಿ ಹಾಕಲಿ, ಓಡಾಟ ನೀವು ಮಾಡಿ. ಮೊತ್ತ ದೊಡ್ಡದಾಗಿದ್ದರೆ ಸಿವಿಲ್ ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಹುದು. ಅದಕ್ಕೆ ವಕೀಲರು ಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಸಮಯ ಹಿಡಿಯುತ್ತದೆ. ಆದ್ದರಿಂದ ಮೊದಲು ಎಷ್ಟಿದೆ ಅಂತ ತಿಳಿಯಲಿ. ಐದು ಸಾವಿರಕ್ಕೆ ಕೋರ್ಟ್ ಮೆಟ್ಟಿಲು ಹತ್ತುವುದರಲ್ಲಿ ಅರ್ಥ ಇಲ್ಲ.

ಸರಸ್ವತಿಪುರಂ_ನಿವೃತ್ತ

ಬ್ಯಾಂಕಿನಲ್ಲಾದರೆ ನಾಮಿನಿ ಅಂತ ಇರುತ್ತಾರೆ. ವಾರಸುದಾರರಿಲ್ಲದ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್ 2023ರಿಂದ ಇದೆ, ಹೆಸರು ಹಾಕಿದರೆ ಯಾವ ಬ್ಯಾಂಕ್ ಅಂತ ತೋರಿಸುತ್ತದೆ. ಕ್ರಿಪ್ಟೋಗೆ ಹೇಳುವವರು ಕೇಳುವವರು ಯಾರೂ ಇಲ್ಲ. ನನಗೆ ಅದು ಹಿಡಿಸದಿರುವುದು ಇದಕ್ಕೇ. ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಮ್ಮ. ತಮ್ಮನ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಜೊತೆಗೇ ತೆಗೆಸಿ.

ಗುತ್ತಲು_ರಸ್ತೆ

ಸ್ಟೇಟ್‌ಮೆಂಟ್ ಸಿಕ್ಕಿತು. ಸರ್ ಹೇಳಿದ ಹಾಗೆ ಬರೆದುಕೊಟ್ಟೆ, ಮ್ಯಾನೇಜರ್ ಮೇಡಂ ಏನೂ ಕಿರಿಕ್ ಮಾಡದೆ ಪ್ರಿಂಟ್ ಕೊಟ್ಟರು. ಫೆಬ್ರವರಿ ಪುಟದಲ್ಲಿ ಎರಡು ಎನ್‌ಇಎಫ್‌ಟಿ ಇದೆ, ಒಂದು 25,000, ಇನ್ನೊಂದು 15,000. ಮೇಲಿನ ಸಾಲು ಎಟಿಎಂನಿಂದ 500, ಕೆಳಗಿನ ಸಾಲು ರೂಮಿನ ಬಾಡಿಗೆ. ನಡುವೆ ಒಂದು ಪ್ರೈವೇಟ್ ಲಿಮಿಟೆಡ್ ಹೆಸರು. ಆ ಎಕ್ಸ್‌ಚೇಂಜ್ ಹೆಸರು ಇಲ್ಲಿ ಹಾಕುವುದಿಲ್ಲ, ಆದರೆ ಅದು ಇನ್ನೂ ನಡೆಯುತ್ತಿದೆ. ಅಮ್ಮನ ಫೋನಿನಲ್ಲಿದ್ದ ಜಿಮೇಲ್‌ನಿಂದ ಪಾಸ್‌ವರ್ಡ್ ಬದಲಾಯಿಸಿ ಒಳಗೆ ಹೋದೆ.

ಬ್ಯಾಲೆನ್ಸ್ ಸೊನ್ನೆ.

ಮದ್ದೂರುವಡೆ

ಅಯ್ಯೋ.

ವಿಜಯನಗರ_2ನೇಹಂತ

ಸೊನ್ನೆ ಅಂತ ಬಿಡಬೇಡಿ. ವಿಥ್‌ಡ್ರಾವಲ್ ಹಿಸ್ಟರಿ ತೆಗೆಯಿರಿ. ಹಳೆಯದು ಕಾಣದಿದ್ದರೆ ಸಪೋರ್ಟ್‌ಗೆ ಬರೆದು ಖಾತೆ ಶುರುವಾದಾಗಿನಿಂದ ಎಲ್ಲ ವ್ಯವಹಾರದ ಪಟ್ಟಿ ಕೇಳಿ, ಯುಟಿಆರ್ ಎರಡನ್ನೂ ಜೊತೆಗೆ ಕೊಡಿ. ಆಗೆಲ್ಲ ಇಲ್ಲಿ ಕೊಂಡು, ಜಾಸ್ತಿ ಕಾಯಿನ್ ಸಿಗುತ್ತದೆ ಅಂತ ವಿದೇಶದ ಎಕ್ಸ್‌ಚೇಂಜ್‌ಗೆ ಕಳಿಸುವುದು ಎಲ್ಲರ ಚಾಳಿ. ನೀವೂ ಹಾಗೇ ಕಳಿಸಿರುತ್ತೀರಿ.

ಗುತ್ತಲು_ರಸ್ತೆ

ಸರಿಯಾಗಿ ಹೇಳಿದಿರಿ. 2018ರ ಮಾರ್ಚ್‌ನಲ್ಲಿ ಇದ್ದದ್ದೆಲ್ಲ ಹೊರಗೆ ಹೋಗಿದೆ. ಆರುನೂರರ ಹತ್ತಿರ. ಆರ್ ಅಕ್ಷರದಿಂದ ಶುರುವಾಗುವ ಉದ್ದದ ವಿಳಾಸ, ಪಕ್ಕದಲ್ಲಿ 'ಟ್ಯಾಗ್' ಅಂತ ಒಂದು ಸಂಖ್ಯೆ. ನಾನೇ ಕಳಿಸಿದ್ದಾ, ಯಾರಾದರೂ ಕದ್ದದ್ದಾ?

ವಿಜಯನಗರ_2ನೇಹಂತ

ಟ್ಯಾಗ್ ಇದೆ ಅಂದರೆ ಖುಷಿಪಡಿ! ಬಿಟ್‌ಕಾಯಿನ್ ಆಗಿದ್ದರೆ ಹುಡುಕಾಟ ಸುತ್ತು ಬಳಸು. ಎಕ್ಸ್‌ಚೇಂಜ್‌ಗಳು ಒಬ್ಬೊಬ್ಬ ಗ್ರಾಹಕನಿಗೂ ಬೇರೆ ಬೇರೆ ಬಿಟ್‌ಕಾಯಿನ್ ವಿಳಾಸ ಕೊಡುತ್ತವೆ. ಹಣ ಬಂದ ಮೇಲೆ ಅದನ್ನು ತಮ್ಮ ದೊಡ್ಡ ವ್ಯಾಲೆಟ್‌ಗೆ ಸೇರಿಸಿಕೊಳ್ಳುತ್ತವೆ. ಅದು ಎಲ್ಲಿ ಹೋಗಿ ಸೇರಿತು ಅಂತ ಒಂದೆರಡು ಹೆಜ್ಜೆ ಹಿಂಬಾಲಿಸಬೇಕು.

ರಿಪ್ಪಲ್‌ನಲ್ಲಿ ಹಾಗಲ್ಲ. ಎಕ್ಸ್‌ಚೇಂಜ್‌ಗೆ ಸಾಮಾನ್ಯವಾಗಿ ಒಂದೇ ವಿಳಾಸ, ಲಕ್ಷಾಂತರ ಜನಕ್ಕೂ ಅದೇ. ಯಾರ ಹಣ ಅಂತ ಗೊತ್ತಾಗುವುದು ಟ್ಯಾಗ್ ಸಂಖ್ಯೆಯಿಂದ. ಆ ಸಂಖ್ಯೆ ನಿಮ್ಮ ಖಾತೆಗೆ ಅಂತಲೇ ಕೊಟ್ಟದ್ದು. ಎಕ್ಸ್‌ಆರ್‌ಪಿ ಸ್ಕ್ಯಾನ್ ಅಥವಾ ಬಿಟ್‌ಹೋಂಪ್ ತಾಣದಲ್ಲಿ ಆ ಆರ್ ವಿಳಾಸ ಹಾಕಿ. ಹೆಸರಾಂತ ಎಕ್ಸ್‌ಚೇಂಜ್ ಆಗಿದ್ದರೆ ಮೇಲ್ಗಡೆ ಹೆಸರೇ ಬರೆದಿರುತ್ತದೆ. ಇದಕ್ಕೆ ಲಾಗಿನ್ ಬೇಡ, ದುಡ್ಡು ಬೇಡ. ಆ ವಿಳಾಸದಲ್ಲಿ ಕೋಟಿಗಟ್ಟಲೆ ಇದೆ ಅಂತ ತೋರಿಸಿದರೆ ಹಾರಾಡಬೇಡಿ, ಅದು ಎಲ್ಲರದ್ದೂ ಸೇರಿದ್ದು.

ಕದ್ದದ್ದಾ ಅಂತ ಕೇಳಿದಿರಿ. ಅದೇ ದಿನದ ಆಸುಪಾಸಿನಲ್ಲಿ ನಿಮ್ಮ ಜಿಮೇಲ್‌ಗೆ ಆ ವಿದೇಶಿ ಎಕ್ಸ್‌ಚೇಂಜ್‌ನಿಂದ 'ಡೆಪಾಸಿಟ್ ಬಂದಿದೆ' ಅಂತಲೋ 'ಹೊಸ ಲಾಗಿನ್' ಅಂತಲೋ ಮೇಲ್ ಇದ್ದರೆ ನೀವೇ ಕಳಿಸಿದ್ದು.

ಗುತ್ತಲು_ರಸ್ತೆ

ಹೆಸರು ಬಂತು! ಮೇಲ್ ಕೂಡ ಇದೆ, ಸ್ಪ್ಯಾಮ್ ಅಲ್ಲ, ಪ್ರಮೋಷನ್ಸ್‌ನಲ್ಲಿ ಬಿದ್ದಿತ್ತು. ರೂಮಿನಲ್ಲಿದ್ದ ಮಳವಳ್ಳಿ ಹುಡುಗ ಅಲ್ಲಿ ಖಾತೆ ಮಾಡಿಸಿಕೊಟ್ಟಿದ್ದು ಈಗ ನೆನಪಾಗುತ್ತಿದೆ. ಇದಕ್ಕೆ ನಾನು ಆಧಾರ್, ಪ್ಯಾನ್ ಏನೂ ಕೊಟ್ಟಿರಲಿಲ್ಲ, ಬರೀ ಇಮೇಲ್. ಪಾಸ್‌ವರ್ಡ್ ಬದಲಾಯಿಸಿದೆ, ಈಗ ಆಥೆಂಟಿಕೇಟರ್‌ನ ಆರು ಅಂಕಿ ಕೇಳುತ್ತಿದೆ. ಅದು ಪಕ್ಕದ ಮನೆ ಹುಡುಗನ ದಯೆಯಿಂದ ಹೋಗಿದೆ.

ವಿಜಯನಗರ_2ನೇಹಂತ

ಹೆಸರು ಬಿಟ್ರೆಕ್ಸ್ ಅಲ್ಲ ತಾನೇ? ಅದು 2023ರಲ್ಲೇ ಮುಚ್ಚಿತು. ನ್ಯೂಜಿಲೆಂಡಿನ ಕ್ರಿಪ್ಟೋಪಿಯಾ ಅಂತ ಒಂದಿತ್ತು, 2019ರಲ್ಲಿ ಹ್ಯಾಕ್ ಆಗಿ, ಮುಚ್ಚಿದ ಕಂಪನಿಯ ಆಸ್ತಿ ಹಂಚುವ ಲಿಕ್ವಿಡೇಟರ್ ಕೈಗೆ ಹೋಯಿತು. ಅಲ್ಲಿನ ಹೈಕೋರ್ಟ್ 2020ರಲ್ಲಿ, ಆ ಕಾಯಿನ್‌ಗಳು ಖಾತೆದಾರರದ್ದೇ, ಕಂಪನಿಯ ಸಾಲಗಾರರಿಗೆ ಸೇರಿದ್ದಲ್ಲ ಅಂತ ಹೇಳಿದ್ದರಿಂದ ಜನಕ್ಕೆ ಆಸೆ ಉಳಿಯಿತು. ಜಪಾನಿನ ಮೌಂಟ್ ಗಾಕ್ಸ್ 2014ರಲ್ಲಿ ಮುಳುಗಿ, ಜನಕ್ಕೆ ಬಿಟ್‌ಕಾಯಿನ್ ವಾಪಸ್ ಬರಲು ಶುರುವಾದದ್ದು 2024ರ ಜುಲೈನಲ್ಲಿ. ಅಂಥದ್ದಕ್ಕೆ ಸಿಕ್ಕಿಕೊಂಡವರು ಲಿಕ್ವಿಡೇಟರ್ ಅಥವಾ ಟ್ರಸ್ಟಿಯ ಅಧಿಕೃತ ತಾಣ ಹುಡುಕಿ ಕ್ಲೇಮ್ ಹಾಕಬೇಕು, ಗಡುವು ಇರುತ್ತದೆ.

ಗುತ್ತಲು_ರಸ್ತೆ

ಅವು ಯಾವುದೂ ಅಲ್ಲ. ಇದು ನಡೆಯುತ್ತಿದೆ.

ವಿಜಯನಗರ_2ನೇಹಂತ

ಒಳ್ಳೆಯದು. 2023ರ ಡಿಸೆಂಬರ್‌ನಲ್ಲಿ, ಅಕ್ರಮ ಹಣದ ವ್ಯವಹಾರದ ಮೇಲೆ ಕಣ್ಣಿಡುವ ಕೇಂದ್ರದ ಎಫ್‌ಐಯು ಒಂಬತ್ತು ವಿದೇಶಿ ಎಕ್ಸ್‌ಚೇಂಜ್‌ಗಳಿಗೆ ನೋಟಿಸ್ ಕೊಟ್ಟಿತ್ತು, ಮುಂದಿನ ತಿಂಗಳು ಅವು ಇಲ್ಲಿ ತೆರೆಯುವುದು ನಿಂತಿತು. ಬೈನಾನ್ಸ್, ಕುಕಾಯಿನ್ ಆಮೇಲೆ 2024ರಲ್ಲಿ ನೋಂದಣಿ 
ಮಾಡಿಸಿಕೊಂಡವು. ನಿಮ್ಮದು ಈಗ ಇಲ್ಲಿ ತೆರೆಯುತ್ತಿದೆ ಅಂದರೆ ಆ ತಲೆನೋವು ಇಲ್ಲ.

ಆಥೆಂಟಿಕೇಟರ್ ವಿಷಯ. 2023ರ ಏಪ್ರಿಲ್‌ಗೆ ಮುಂಚೆ ಅದರ ಕೋಡ್‌ಗಳು ಫೋನಿನಲ್ಲಿ ಮಾತ್ರ ಇರುತ್ತಿದ್ದವು, ಗೂಗಲ್ ಖಾತೆಗೆ ಉಳಿಯುತ್ತಿರಲಿಲ್ಲ. ಮತ್ತೆ ಹಾಕಿಕೊಂಡರೆ ಬರುವುದಿಲ್ಲ. ಖಾತೆ ಮಾಡಿದಾಗ ಬ್ಯಾಕಪ್ ಕೀ ಅಂತ ಒಂದು ಉದ್ದದ ಅಕ್ಷರ ಸಾಲು ಕೊಟ್ಟಿರುತ್ತಾರೆ. ಅದರ ಸ್ಕ್ರೀನ್‌ಶಾಟ್ ಅಮ್ಮನ ಫೋನಿನ ಗ್ಯಾಲರಿಯಲ್ಲಿ ಇದೆಯಾ ನೋಡಿ. ಇಲ್ಲದಿದ್ದರೆ ಲಾಗಿನ್ ಪುಟದಲ್ಲೇ 'ಕೋಡ್ ಸಿಗುತ್ತಿಲ್ಲ' ಅಂತ ಇರುತ್ತದೆ, ಅದನ್ನು ಒತ್ತಿ ರೀಸೆಟ್ ಅರ್ಜಿ ಹಾಕಿ. ಗೂಗಲ್‌ನಲ್ಲಿ ಸಪೋರ್ಟ್ ನಂಬರ್ ಹುಡುಕಿ ಫೋನ್ ಮಾತ್ರ ಮಾಡಬೇಡಿ, ಅಲ್ಲಿ ಬರುವ ನಂಬರ್ ಮುಕ್ಕಾಲು ಪಾಲು ಕಳ್ಳರದ್ದು.

ನೀವು ಗುರುತಿನ ಚೀಟಿ ಕೊಟ್ಟಿರಲಿಲ್ಲ ಅಂದಿರಿ. ಹಾಗಾಗಿ ಬರೀ ಆಧಾರ್ ತೋರಿಸಿದರೆ ಸಾಲದು, ಹೋಲಿಸಿ ನೋಡಲು ಅವರ ಹತ್ತಿರ ಏನೂ ಇಲ್ಲ. ನಿಮ್ಮ ಬಲ ಇರುವುದು ಬೇರೆ ಕಡೆ. ಆ ಜಿಮೇಲ್ ನಿಮ್ಮ ಕೈಯಲ್ಲಿದೆ. ಟ್ಯಾಗ್ ಸಂಖ್ಯೆ ಗೊತ್ತು. ಟ್ರಾನ್ಸಾಕ್ಷನ್ ಹ್ಯಾಶ್, ಅಂದರೆ ಆ ವ್ಯವಹಾರದ ಉದ್ದದ ಗುರುತಿನ ಸಂಕೇತ ಇದೆ. ಅದೇ ಹ್ಯಾಶ್, ಕೆವೈಸಿ ಆಗಿರುವ ನಿಮ್ಮ ಭಾರತದ ಖಾತೆಯಿಂದ ಹೊರಟಿದೆ. ಆ ಖಾತೆಗೆ ಹಣ ಹೋದದ್ದು ನಿಮ್ಮ ಹೆಸರಿನ ಬ್ಯಾಂಕಿನಿಂದ. ಬ್ಯಾಂಕ್ ಸಾಲು, ಭಾರತದ ಎಕ್ಸ್‌ಚೇಂಜ್‌ನ ವಿಥ್‌ಡ್ರಾವಲ್ ದಾಖಲೆ, ಎಕ್ಸ್‌ಆರ್‌ಪಿ ಸ್ಕ್ಯಾನ್ ಥರದ ತಾಣದಲ್ಲಿ ಆ ವ್ಯವಹಾರ ತೋರಿಸುವ ಪುಟ, ಮೂರನ್ನೂ ಒಂದೇ ಪಿಡಿಎಫ್ ಮಾಡಿ ಕಳಿಸಿ.

ಗುತ್ತಲು_ರಸ್ತೆ

ಕಳಿಸಿದೆ. ಕೈಯಲ್ಲಿ ಆಧಾರ್ ಮತ್ತು ಇವತ್ತಿನ ದಿನಾಂಕ ಬರೆದ ಹಾಳೆ ಹಿಡಿದ ಸೆಲ್ಫಿ ಕೇಳಿದ್ದರು. ಮೊದಲು ಬರಹ ಉಲ್ಟಾ ಬಂದಿದೆ ಅಂತ ತಿರಸ್ಕಾರ ಆಯಿತು. ಮುಂದಿನ ಕ್ಯಾಮೆರಾದ ಮಿರರ್ ಆಫ್ ಮಾಡಿ ತೆಗೆದ ಮೇಲೆ ಒಪ್ಪಿಕೊಂಡರು. ವಿಡಿಯೋದಲ್ಲಿ ತಲೆ ಆ ಕಡೆ ಈ ಕಡೆ ತಿರುಗಿಸು ಅಂದರು. ಈಗ ರೀಸೆಟ್ ಆಗಿದೆ, ಒಳಗೆ ಹೋದೆ. ರಿಪ್ಪಲ್ ಅರ್ಧ ಇದೆ. ಮಿಕ್ಕಿದ್ದರಲ್ಲಿ ಬೇರೆ ಎರಡು ಕಾಯಿನ್ ಕೊಂಡಿದ್ದೇನೆ. ಒಂದನ್ನು ಡಿಲಿಸ್ಟ್ ಮಾಡಿದ್ದಾರೆ, ಅಂದರೆ ಮಾರಾಟದ ಪಟ್ಟಿಯಿಂದ ತೆಗೆದಿದ್ದಾರೆ, ಅದರ ಮುಂದೆ ಮಾರುವ ಬಟನ್ನೇ ಇಲ್ಲ.

ಸರಸ್ವತಿಪುರಂ_ನಿವೃತ್ತ

ಅರ್ಧವಾದರೂ ಬಂತಲ್ಲ. ತಂಗಿ ಮದುವೆಗೆ ಶುಭವಾಗಲಿ. ಇನ್ನು ಮೇಲೆ ಪೋಸ್ಟ್ ಆಫೀಸಿನಲ್ಲಿ ಇಡಿ.

ಲೆಕ್ಕದ_ಪುಸ್ತಕ

ಮಾರುವ ಮುಂಚೆ ತೆರಿಗೆ ನೋಡಿಕೊಳ್ಳಿ. ಲಾಭದ ಮೇಲೆ ಶೇಕಡಾ 30, ಮೇಲೆ ಸೆಸ್ ಶೇಕಡಾ 4. ಕೊಂಡದ್ದು 2018ರಲ್ಲಿ ಆದರೂ ಈಗ ಮಾರಿದರೆ ಈಗಿನ ನಿಯಮವೇ. ಕೊಂಡ ಬೆಲೆ ಬಿಟ್ಟು ಬೇರೆ ಖರ್ಚು ಕಳೆಯುವ ಹಾಗಿಲ್ಲ. ಆ ಡಿಲಿಸ್ಟ್ ಆದ ಕಾಯಿನ್‌ನ ನಷ್ಟವನ್ನು ರಿಪ್ಪಲ್‌ನ ಲಾಭದಲ್ಲಿ ಕಳೆಯುವುದಕ್ಕೂ ಆಗುವುದಿಲ್ಲ, ಅದು ಹೋಯಿತು ಅಂತಲೇ. ಒಂದು ಕಾಯಿನ್ ಕೊಟ್ಟು ಇನ್ನೊಂದು ತಗೊಂಡರೂ ಅದು ಮಾರಾಟವೇ, ಸುಮ್ನೆ ಅಲ್ಲಿ ಇಲ್ಲಿ ಬದಲಾಯಿಸುತ್ತಾ ಕೂರಬೇಡಿ. ನಿಮ್ಮದೇ ಒಂದು ಖಾತೆಯಿಂದ ನಿಮ್ಮದೇ ಇನ್ನೊಂದಕ್ಕೆ ಕಳಿಸಿದರೆ ತೆರಿಗೆ ಇಲ್ಲ. ಬ್ಯಾಂಕಿನವರು ಕೊಟ್ಟ ಆ ಪ್ರಿಂಟ್ ಜೋಪಾನ, ಕೊಂಡ ಬೆಲೆಗೆ ಅದೇ ಸಾಕ್ಷಿ. ಅದಿಲ್ಲದಿದ್ದರೆ ಬಂದ ದುಡ್ಡೆಲ್ಲ ಲಾಭ ಅನ್ನುತ್ತಾರೆ. ವಿದೇಶಿ ಎಕ್ಸ್‌ಚೇಂಜ್‌ನಲ್ಲಿ ಇದ್ದದ್ದನ್ನು ರಿಟರ್ನ್‌ನಲ್ಲಿ ಹೇಗೆ ತೋರಿಸಬೇಕು ಅನ್ನುವುದನ್ನು ನಿಮ್ಮ ಸಿಎ ಹತ್ತಿರ ಕೂತು ಮಾತಾಡಿ, ಅದನ್ನು ಇಲ್ಲಿ ಎರಡು ಸಾಲಿನಲ್ಲಿ ಹೇಳಲು ಆಗುವುದಿಲ್ಲ.

ಗುತ್ತಲು_ರಸ್ತೆ

ಭಾರತದ ಖಾತೆಗೇ ವಾಪಸ್ ತರುತ್ತೇನೆ ಮೇಡಂ. ಹಾಗೇ ಕಳಿಸಿಬಿಡಲಾ?

ವಿಜಯನಗರ_2ನೇಹಂತ

ಎರಡು ಮಾತು. ರೀಸೆಟ್ ಆದ ಮೇಲೆ ಒಂದೆರಡು ದಿನ ವಿಥ್‌ಡ್ರಾ ತಡೆದಿರುತ್ತಾರೆ, ಅದಕ್ಕೆ ಗಾಬರಿಯಾಗಬೇಡಿ. ಕಳಿಸುವಾಗ ವಿಳಾಸದ ಜೊತೆ ಟ್ಯಾಗ್ ಮರೆಯಬೇಡಿ. ಅಪಾರ್ಟ್‌ಮೆಂಟ್ ಹೆಸರು ಬರೆದು ಮನೆ ನಂಬರ್ ಬಿಟ್ಟ ಹಾಗಾಗುತ್ತದೆ. ಹಣ ಎಕ್ಸ್‌ಚೇಂಜ್ ತಲುಪಿದರೂ ನಿಮ್ಮ ಖಾತೆಗೆ ಬರುವುದಿಲ್ಲ, ಮತ್ತೆ ಸಪೋರ್ಟ್ ಹಿಂದೆ ಅಲೆಯಬೇಕು. ಹಳೆ ಟ್ಯಾಗ್ ಹಾಕಬೇಡಿ, ಡೆಪಾಸಿಟ್ ಪುಟದಲ್ಲಿ ಈಗ ಏನಿದೆಯೋ ಅದನ್ನೇ ಹಾಕಿ. ಮೊದಲು ಹತ್ತು ಕಳಿಸಿ ನೋಡಿ.

ಗುತ್ತಲು_ರಸ್ತೆ

ಹತ್ತು ಕಳಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂತು. ಮಿಕ್ಕಿದ್ದೂ ಬಂತು. ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮದ್ದೂರುವಡೆ

ಈಗಲೇ ಮಾರಬೇಡ ಗುರು, ಇನ್ನೂ ಏರುತ್ತದೆ.

ಲೆಕ್ಕದ_ಪುಸ್ತಕ

ಮದುವೆ ಛತ್ರದವರು ರಿಪ್ಪಲ್ ತಗೊಳ್ಳುತ್ತಾರಾ? ಬೇಕಾದಷ್ಟು ಮಾರಿಕೊಳ್ಳಲಿ ಬಿಡಿ.

ಅಗ್ರಹಾರದ_ಅಕ್ಕ

ನಾಡಕಚೇರಿಯಲ್ಲಿ ಅಮ್ಮನ ಹೆಸರಿನಲ್ಲಿ ಅರ್ಜಿ ಕೊಟ್ಟು ಬಂದೆ. ಪೋರ್ಟಲ್‌ನಲ್ಲಿ ನೋಂದಾಯಿಸಲು ಅಮ್ಮನಿಗೆ ಪ್ಯಾನ್ ಇಲ್ಲ, ಮೊದಲು ಅದನ್ನು ಮಾಡಿಸಬೇಕಾ?

ಲೆಕ್ಕದ_ಪುಸ್ತಕ

ಹೌದಕ್ಕಾ, ಮೊದಲು ಅದೇ. ಆಧಾರ್‌ಗೆ ಮೊಬೈಲ್ ಜೋಡಣೆ ಆಗಿದ್ದರೆ ಆದಾಯ ತೆರಿಗೆ ಪೋರ್ಟಲ್‌ನಲ್ಲೇ ಇ-ಪ್ಯಾನ್ ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಜೋಡಣೆ ಆಗಿಲ್ಲದಿದ್ದರೆ ಆಧಾರ್ ಕೇಂದ್ರಕ್ಕೆ ಅಮ್ಮನನ್ನೇ ಕರೆದುಕೊಂಡು ಹೋಗಬೇಕು.

ನಿರ್ವಾಹಕ

ಬೆಲೆ ಏರುತ್ತದೋ ಇಳಿಯುತ್ತದೋ ಅನ್ನುವ ಚರ್ಚೆಗೆ ಬೇರೆ ಎಳೆ ಶುರು ಮಾಡಿ. ಇಲ್ಲಿ ಇನ್ನು ಅಗ್ರಹಾರದ ಅಕ್ಕ ಅವರ ವಿಷಯ ಮಾತ್ರ ಮುಂದುವರಿಯಲಿ.